ಲಾರಿಗೆ ಸುಳ್ಳು ಕಲಿಸುವ ಡಬ್ಬಿ

2020ರ ಏಪ್ರಿಲ್ 1ರಿಂದ ಈಚೆ ರಸ್ತೆಗಿಳಿದ ಲಾರಿಗಳಿಗೆ ಒಂದು ಕೆಟ್ಟ ಚಾಳಿಯಿದೆ: ನಿಜ ಹೇಳುವುದು. ಹಳೆಯ ಹೊಗೆ ನಿಯಮ ಬಿಎಸ್4ರ ಕಾಲದಲ್ಲಿ ದೊಡ್ಡ ಡೀಸೆಲ್ ಎಂಜಿನ್ನು ಪ್ರತಿ ಯೂನಿಟ್ ಶಕ್ತಿಗೆ 3.5 ಗ್ರಾಂ ನೈಟ್ರೋಜನ್ ಆಕ್ಸೈಡ್ ಉಗುಳಬಹುದಿತ್ತು, ಈಗಿನ ಬಿಎಸ್6ನಲ್ಲಿ 0.46. ಅದನ್ನು ಕಾಯಲು ಸೈಲೆನ್ಸರ್ ದಾರಿಯಲ್ಲೇ ಒಂದು ಸೆನ್ಸರ್ ಕೂತಿದೆ. ಆ ಆಕ್ಸೈಡನ್ನು ಅಡಗಿಸಲು ಹೊಗೆಗೆ ಚಿಮ್ಮಿಸುವ ದ್ರವವೇ ಡೆಫ್. ಅದು ಮುಗಿದರೆ ಹಳದಿ ದೀಪ. ಡೆಫ್‌ಗೆ ನೀರು ಬೆರೆತರೂ ದೀಪ. ಓನರು ಕಂಡೂ ಕಾಣದಂತಿದ್ದರೆ ಪಿಕಪ್ಪೇ ಕಟ್. ಸಂಡೂರಿನ ಏರಿನಲ್ಲಿ ಅದಿರು ಹೊತ್ತ ಗಾಡಿ ಏದುಸಿರು ಬಿಡುತ್ತಾ ನಿಂತರೆ ಬಾಡಿಗೆ ಹೋಯಿತೆಂದೇ ಲೆಕ್ಕ.

ಇದಕ್ಕೆ ಬೆಂಕಿಪೊಟ್ಟಣದಷ್ಟು ಗಾತ್ರದ ಮದ್ದು ಬಂದಿದೆ, ಇಮ್ಯುಲೇಟರ್. ವೈರಿಂಗಿಗೆ ಸಿಕ್ಕಿಸಿದರೆ ಡೆಫ್ ಟ್ಯಾಂಕಿನಲ್ಲಿ ಜೇಡ ಗೂಡು ಕಟ್ಟಿದ್ದರೂ ಮೀಟರಿನಲ್ಲಿ ಫುಲ್. ಎಂಜಿನ್ನಿನ ಕಂಪ್ಯೂಟರ್ ಇಸಿಎಂ ಏನು ಕೇಳಿದರೂ ಉತ್ತರ ಒಂದೇ: ಎಲ್ಲವೂ ನಿಯಮಾನುಸಾರ. ಅಷ್ಟು ಓದಿದ ಲಾರಿ ಕೊನೆಗೂ ಸರ್ಕಾರಿ ಕಡತದ ಭಾಷೆ ಕಲಿಯಿತು.

ಡಬ್ಬಿಗೂ ದುಡ್ಡು ಬಿಚ್ಚದವರು ಗೊಬ್ಬರದ ಚೀಲ ಬಿಚ್ಚುತ್ತಾರೆ. ಡೆಫ್ ಎಂದರೆ 32.5% ಯೂರಿಯಾ, ಉಳಿದದ್ದು ಶುದ್ಧ ನೀರು. 45 ಕಿಲೋ ಚೀಲಕ್ಕೆ ಸುಮಾರು 127 ಲೀಟರ್ ಅಂತ ಕಾಗದದ ಮೇಲೆ ಲೆಕ್ಕ ಹಾಕಿದ್ದೇ ಹಾಕಿದ್ದು. ಕೊಪ್ಪಳದ ರೈತ ಸೊಸೈಟಿ ಮುಂದೆ ಆಧಾರ್ ಹಿಡಿದು ಪಾಳಿಯಲ್ಲಿದ್ದಾನೆ, ಅವನ ಚೀಲ ಲಾರಿಯ ಹೊಟ್ಟೆಯಲ್ಲಿದೆ. ಆದರೆ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆ ಸವರಿರುತ್ತದೆ, ಕಳ್ಳದಾರಿ ಹಿಡಿಯಬಾರದೆಂಬ ಉದ್ದೇಶವೂ ಸೇರಿ. ಆ ಎಣ್ಣೆ ಡೆಫ್ ಚಿಮ್ಮಿಸುವ ಇಂಜೆಕ್ಟರ್ ತೂತಿಗೆ ಮೆತ್ತಿಕೊಳ್ಳುತ್ತದೆ, ಸುತ್ತ ಬಿಳಿ ಹರಳು ಕಟ್ಟುತ್ತದೆ. ಪಂಪ್ ಹೋಗುತ್ತದೆ, ಕೊನೆಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟೂ. ಉಳಿಸಿದ ಡೆಫ್ ಕಾಸು ವರ್ಕ್‌ಶಾಪಿನ ಬಿಲ್ಲಿನ ಮೊದಲ ಸಾಲಿಗೂ ಸಾಲದು.

ಪ್ರಾಮಾಣಿಕರೂ ಬಚಾವಿಲ್ಲ. ಒಳ್ಳೆಯ ಡೆಫ್ ಕೂಡ 35 ಡಿಗ್ರಿಯಲ್ಲಿ ಆರು ತಿಂಗಳಷ್ಟೇ ಬಾಳುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಅಂಗಡಿ ಮುಂದೆ ಬಿಸಿಲಿಗೆ ಜೋಡಿಸಿಟ್ಟ ಕ್ಯಾನುಗಳ ಗತಿ ಏನು? ತಾರೀಖು ನೋಡಿ, ನೆರಳಲ್ಲಿಟ್ಟದ್ದನ್ನೇ ಕೊಳ್ಳಬೇಕು. ಇಲ್ಲದಿದ್ದರೆ ಪೂರ್ತಿ ದುಡ್ಡು ಕೊಟ್ಟವನಿಗೂ ಅದೇ ಹಳದಿ ದೀಪ.

ಇಷ್ಟೆಲ್ಲ ಆದಮೇಲೆ ಗಾಡಿ ಎಮಿಷನ್ ಟೆಸ್ಟಿಗೆ ಬರುತ್ತದೆ. ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ನೆಲಕ್ಕೊತ್ತಿ ಹೊಗೆ ಎಷ್ಟು ಕಪ್ಪಗಿದೆ ಎಂದು ಅಳೆಯುತ್ತಾರೆ. ಬಿಎಸ್6ಗೆ ಮಿತಿ 0.7. ಮಸಿಯನ್ನು ಡಿಪಿಎಫ್ ಎಂಬ ಫಿಲ್ಟರ್ ಹಿಡಿದಿಟ್ಟಿರುವುದರಿಂದ ಹೊಗೆ ಸ್ವಚ್ಛ. ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಕೇಳುವವರೇ ಇಲ್ಲ.

"ಅಣ್ಣಾ, ಈ ಲೈಟು ಉರಿಯಾಕತ್ತೈತಲ್ಲ?"

"ಅದು ನಮ್ದಲ್ಲ ಬಿಡ್ರಿ. ಹೊಗಿ ಸಾಫ್ ಐತಿ."

ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಆ ದೀಪ ಯಾಕೆ ಉರಿಯುತ್ತಿದೆ ಎಂದು ಗಾಡಿಯೇ ಕೋಡ್ ಸಮೇತ ಒಪ್ಪಿಸುತ್ತದೆ. ಚುಚ್ಚುವುದಿಲ್ಲ. ನಂಬರ್ ಪ್ಲೇಟಿನ ಫೋಟೋ ಸ್ಪಷ್ಟ ಬಂದರೆ ಸಾಕು, ಒಂದು ವರ್ಷದ ಸರ್ಟಿಫಿಕೇಟ್. ಆ ಕಾಗದ ಇಲ್ಲದಿದ್ದರೆ ಮಾತ್ರ ದಂಡ 10,000 ರೂಪಾಯಿವರೆಗೆ.

ಹಾಗಿದ್ದ ಮೇಲೆ ಹದಿನಾರು ಚಕ್ರದ ಲಾರಿಯನ್ನು ಬಳ್ಳಾರಿ ಟ್ರಾಫಿಕ್ಕಿನಲ್ಲಿ ಟೆಸ್ಟಿಗೆ ಎಳೆದು ತರುವುದೇಕೆ? ಡಬ್ಬಿಯೊಂದನ್ನೇ ಜೇಬಿನಲ್ಲಿಟ್ಟು ತಂದರಾಯಿತು. ನಂಬರ್ ಪ್ಲೇಟನ್ನೂ ಅದಕ್ಕೇ ಬಡಿಯಲಿ.