ಹಾಜರಾತಿ ಇದೆ, ಆಸಾಮಿ ಇಲ್ಲ

ಮೇಷ್ಟ್ರಾಗುವುದು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಿ.ಎಡ್. ಅನ್ನುವ ಎರಡು ವರ್ಷದ ಪದವಿಗೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2014ರಲ್ಲಿ ಮಾಡಿದ ನಿಯಮಗಳನ್ನು ಒಮ್ಮೆ ಓದಿ ನೋಡಿ. ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ. ದಾಖಲಾತಿ, ಪರೀಕ್ಷೆಯ ದಿನಗಳನ್ನು ಇದರಲ್ಲಿ ಸೇರಿಸುವ ಹಾಗಿಲ್ಲ. ವಾರಕ್ಕೆ 36 ಗಂಟೆ ಕಾಲೇಜು. ತರಗತಿಗೆ ಶೇ 80 ಹಾಜರಾತಿ. ಶಾಲೆಗೆ ಹೋಗಿ ಪಾಠ ಮಾಡುವ ಇಂಟರ್ನ್‌ಶಿಪ್ಪಿಗೆ ಶೇ 90. ಆ ಇಂಟರ್ನ್‌ಶಿಪ್ಪು ಒಟ್ಟು 20 ವಾರ. ಇದೇ ನಿಯಮವನ್ನು ನಮ್ಮ ಶಾಸಕರಿಗೆ ಹಾಕಿದರೆ ಎಷ್ಟು ಜನ ಪರೀಕ್ಷೆಗೆ ಕೂರಬಹುದು ಅಂತ ನೀವೇ ಲೆಕ್ಕ ಹಾಕಿ.

ಇಷ್ಟು ಕಟ್ಟುನಿಟ್ಟಾದ ಪದವಿಯಲ್ಲಿ ಹಾಜರಾತಿ ಕಡಿಮೆಯಾಗಿ ಹೊರಗೆ ಉಳಿದವರನ್ನು ನಾನಂತೂ ಕಂಡಿಲ್ಲ. ಕಾಲೇಜಿನ ಬಾಗಿಲು ಯಾವ ದಿಕ್ಕಿಗಿದೆ ಅಂತ ಗೊತ್ತಿಲ್ಲದೆ ಪದವಿ ತಗೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ.

ನಮ್ಮ ಅಕ್ಕನ ಮಗಳು ಬಿ.ಎಸ್ಸಿ. ಮುಗಿಸಿ ಬಿ.ಎಡ್. ಮಾಡ್ತೀನಿ ಅಂದಾಗ ಒಂದು ಕಾಲೇಜಿಗೆ ನಾನೇ ಫೋನ್ ಮಾಡಿದ್ದೆ. ಊರು, ಹೆಸರು ಬೇಡ ಬಿಡಿ. ಆ ಕಡೆಯಿಂದ ಮೊದಲು ಕೇಳಿದ್ದು ಅಂಕ ಎಷ್ಟು ಅಂತ ಅಲ್ಲ, ಯಾವ ವಿಷಯ ಅಂತಲೂ ಅಲ್ಲ.

"ಅಟೆಂಡಿಂಗಾ, ನಾನ್ ಅಟೆಂಡಿಂಗಾ ಸಾರ್?"

ಹೋಟೆಲಿನಲ್ಲಿ ಸಾದಾನಾ, ಮಸಾಲೆನಾ ಅಂತ ಕೇಳುತ್ತಾರಲ್ಲ, ಅದೇ ಧಾಟಿ.

"ಏನಮ್ಮಾ ವ್ಯತ್ಯಾಸ?"

"ಅಟೆಂಡಿಂಗ್ ಅಂದ್ರೆ ಬರಬೇಕು ಸಾರ್. ನಾನ್ ಅಟೆಂಡಿಂಗ್ ಅಂದ್ರೆ ಪರೀಕ್ಷೆಗೆ ಬಂದ್ರೆ ಸಾಕು. ಫೀಸು ಸ್ವಲ್ಪ ಜಾಸ್ತಿ ಆಗುತ್ತೆ."

"ಬರದೇ ಇರೋರಿಗೆ ಜಾಸ್ತಿನಾ?"

"ಅವರ ಹಾಜರಾತಿ ನಾವೇ ನೋಡ್ಕೋಬೇಕಲ್ಲ ಸಾರ್."

ಮಾತಿನಲ್ಲಿ ನ್ಯಾಯ ಇದೆ. ಬರುವವನು ಬಂದು ಕೂತರೆ ಆಯಿತು. ಬರದವನನ್ನು 400 ದಿನವೂ ಬರಿಸಬೇಕು. ನಡುನಡುವೆ ಅನುಮಾನ ಬರದಂತೆ ಅವನಿಗೆ ಎರಡು ದಿನ ಜ್ವರವನ್ನೂ ಬರಿಸಬೇಕು. ಕಷ್ಟದ ಕೆಲಸ.

ಇದು ನನ್ನೊಬ್ಬನ ಕೊಂಕು ಅಂದುಕೊಳ್ಳಬೇಡಿ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲೇ ಶಿಕ್ಷಕರ ಶಿಕ್ಷಣದ ಗತಿ ನೋಡಿ ವರದಿ ಕೊಟ್ಟಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪುಸ್ತಕದಲ್ಲೇ ಆ ಆಯೋಗದ ಹೆಸರು ಹೇಳಿ ಬರೆದಿದ್ದಾರೆ: ಹತ್ತು ಸಾವಿರಕ್ಕೂ ಹೆಚ್ಚಿರುವ, ಶಿಕ್ಷಕರ ಶಿಕ್ಷಣವನ್ನಷ್ಟೇ ನಡೆಸುವ ಬಿಡಿ ಸಂಸ್ಥೆಗಳಲ್ಲಿ ಬಹುಪಾಲು ಗಂಭೀರವಾಗಿ ಕಲಿಸುವ ಪ್ರಯತ್ನವನ್ನೂ ಮಾಡದೆ ಬೆಲೆ ಕಟ್ಟಿ ಪದವಿ ಮಾರುತ್ತಿವೆ ಅಂತ. ಸರ್ಕಾರವೇ ಒಪ್ಪಿಕೊಂಡ ಮಾತು. ಸರಿ, ಪದವಿ ಮಾರುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಏನು ಮಾಡಿದರು? ಅಲ್ಲಿಯವರೆಗೆ ಒಂದು ವರ್ಷ ಇದ್ದ ಬಿ.ಎಡ್. ಅನ್ನು 2015ರಿಂದ ಎರಡು ವರ್ಷ ಮಾಡಿದರು. ಅವಧಿ ಹೆಚ್ಚಿಸಿ ಅಂತ ಆಯೋಗವೂ ಹೇಳಿತ್ತು, ಸುಳ್ಳಲ್ಲ. ಅದು ಹೇಳಿದ್ದರಲ್ಲಿ ಎಲ್ಲ ಕಾಲೇಜುಗಳೂ ಚಾಚೂ ತಪ್ಪದೆ ಪಾಲಿಸಿದ್ದು ಇದನ್ನೇ. ಒಂದು ವರ್ಷದ ಫೀಸು ತಗೊಳ್ಳುತ್ತಿದ್ದವರು ಎರಡು ವರ್ಷದ ಫೀಸು ತಗೊಂಡರು.

ನಮ್ಮ ಹುಡುಗಿ ಪಾಪ, ಅಟೆಂಡಿಂಗ್ ಆರಿಸಿಕೊಂಡಳು. ದಿನಾ ಬೆಳಿಗ್ಗೆ ಬಸ್ ಹಿಡಿದು ಹೋದಳು. ಹಾಗಾಗಿ ನಿಜವಾಗಿ ಕಾಲೇಜಿಗೆ ಹೋದರೆ ಏನಾಗುತ್ತೆ ಅನ್ನೋದನ್ನೂ ನೋಡುವ ಭಾಗ್ಯ ನಮ್ಮ ಮನೆಗೆ ಸಿಕ್ಕಿತು.

ಮೊದಲು ಮೈಕ್ರೋಟೀಚಿಂಗ್. ಎಂಟತ್ತು ಜನ ಪದವೀಧರರು, ಅದರಲ್ಲಿ ಇಬ್ಬರಿಗೆ ಮಕ್ಕಳಿದ್ದಾರೆ, ಬೆಂಚಿನ ಮೇಲೆ ಕೂತು ಎಂಟನೇ ತರಗತಿಯವರ ಹಾಗೆ ನಟಿಸುತ್ತಾರೆ. ಒಬ್ಬರು ಎದ್ದು ಆರು ನಿಮಿಷ ಒಂದೇ ಒಂದು ಕೌಶಲ ತೋರಿಸಬೇಕು. ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ, ಉದಾಹರಣೆ ಕೊಡುವ ಕೌಶಲ, ಹೀಗೆ. ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಹನ್ನೆರಡು ನಿಮಿಷ ಮರುಯೋಜನೆ, ಆರು ನಿಮಿಷ ಮತ್ತೆ ಪಾಠ, ಆರು ನಿಮಿಷ ಮತ್ತೆ ವಿಮರ್ಶೆ. ಒಟ್ಟು 36 ನಿಮಿಷದ ಚಕ್ರ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಪದ್ಧತಿ ಇದು. ಅಲ್ಲಿ ಪಾಠವನ್ನು ವಿಡಿಯೋ ಮಾಡಿ, ತಪ್ಪು ತೋರಿಸಿ, ತಿದ್ದುತ್ತಿದ್ದರು. ನಮ್ಮಲ್ಲಿ ಆರು ನಿಮಿಷ ಮುಗಿದ ಕೂಡಲೇ "ಹೂಂ, ಆಯ್ತು, ರೆಕಾರ್ಡ್ ಬರ್ಕೊಂಡು ಬನ್ನಿ" ಅಂತಾರೆ. ಉಳಿದ ಮೂವತ್ತು ನಿಮಿಷ ರೆಕಾರ್ಡಿನಲ್ಲಿ ನಡೆಯುತ್ತದೆ.

ರೆಕಾರ್ಡು! ಬಿ.ಎಡ್.ನ ಜೀವ ಇರೋದೇ ಅದರಲ್ಲಿ. ಪಾಠ ಯೋಜನೆ, ಘಟಕ ಯೋಜನೆ, ಘಟಕ ಪರೀಕ್ಷೆ, ಅದಕ್ಕೊಂದು ನೀಲನಕ್ಷೆ, ವ್ಯಕ್ತಿ ಅಧ್ಯಯನ, ಕ್ರಿಯಾ ಸಂಶೋಧನೆ, ಸಹಪಾಠಿಯ ಪಾಠ ವೀಕ್ಷಣೆ. ಸ್ಕೇಲಿಟ್ಟು ಮಾರ್ಜಿನ್ ಹಾಕಬೇಕು. ಶೀರ್ಷಿಕೆಗೆ ಒಂದು ಬಣ್ಣ, ಉಪಶೀರ್ಷಿಕೆಗೆ ಇನ್ನೊಂದು. ಬ್ರೌನ್ ಶೀಟಿನ ರಟ್ಟು. ನಮ್ಮಕ್ಕ ರಾತ್ರಿ ಹನ್ನೊಂದರವರೆಗೆ ಕೂತು ಗೆರೆ ಎಳೆದು ಕೊಟ್ಟಿದ್ದಾಳೆ. ನ್ಯಾಯವಾಗಿ ಅರ್ಧ ಪದವಿ ಅವಳಿಗೆ ಬರಬೇಕು.

ಪಾಠ ಯೋಜನೆಯಲ್ಲಿ ಒಂದು ಕಾಲಂ ಇದೆ: 'ವಿದ್ಯಾರ್ಥಿಗಳ ಚಟುವಟಿಕೆ'. ಪಾಠ ನಡೆಯೋದಕ್ಕೆ ಮುಂಚೆಯೇ ಅದನ್ನು ತುಂಬಿರಬೇಕು. 'ವಿದ್ಯಾರ್ಥಿಗಳು ಆಸಕ್ತಿಯಿಂದ ಆಲಿಸುವರು.' 'ವಿದ್ಯಾರ್ಥಿಗಳು ಉತ್ತರಿಸುವರು.' ಯಾವ ಪ್ರಶ್ನೆಗೆ ಯಾವ ಉತ್ತರ ಅನ್ನೋದೂ ಮೊದಲೇ ನಿಗದಿ. ಶುರುವಿನಲ್ಲಿ ಕೇಳುವ ಪೀಠಿಕೆಯ ಪ್ರಶ್ನೆಗಳಿಗಂತೂ ಇನ್ನೂ ಒಂದು ಪದ್ಧತಿ ಇದೆ. ಮೊದಲೆರಡಕ್ಕೆ ಮಕ್ಕಳು ಸರಿಯಾಗಿ ಉತ್ತರ ಹೇಳಬೇಕು. ಕೊನೆಯದಕ್ಕೆ ತಡವರಿಸಬೇಕು. ಆಗ ಮೇಷ್ಟ್ರು "ಹಾಗಾದರೆ ಮಕ್ಕಳೇ, ಈ ದಿನ ನಾವು..." ಅಂತ ಬೋರ್ಡಿಗೆ ತಿರುಗಬೇಕು.

ನಮ್ಮ ಹುಡುಗಿಯ ಪಾಠ ಏಳನೇ ತರಗತಿಗೆ, ಸಸ್ಯಗಳಲ್ಲಿ ಪೋಷಣೆ. ಹಿಂದಿನ ಬೆಂಚಿನಲ್ಲಿ ಅಂಕ ಹಾಕುವ ಉಪನ್ಯಾಸಕರು. ಗೋಡೆಗೆ ಎಲೆಯ ಚಾರ್ಟು.

"ಹಸಿವಾದಾಗ ಏನು ಮಾಡ್ತೀರಿ?"

"ಊಟ ಮಾಡ್ತೀವಿ ಮಿಸ್."

"ಆ ಊಟ ಎಲ್ಲಿಂದ ಬರುತ್ತೆ?"

ಯೋಜನೆ ಪ್ರಕಾರ ಉತ್ತರ 'ಸಸ್ಯಗಳಿಂದ'. ಮಕ್ಕಳೆಲ್ಲ ಒಟ್ಟಿಗೆ ಹೇಳಿದ್ದು "ಬಿಸಿಯೂಟದ ಮನೆಯಿಂದ ಮಿಸ್." ಹೇಗೋ ಬೇಳೆ, ಅಕ್ಕಿ ಅಂತ ದಾರಿಗೆ ತಂದಳು. ಕೊನೆಯ ಪ್ರಶ್ನೆ ಬಂತು.

"ನಮಗೆ ಊಟ ಕೊಡುವ ಸಸ್ಯ ತನ್ನ ಊಟ ಹೇಗೆ ಮಾಡಿಕೊಳ್ಳುತ್ತೆ?"

ಇಲ್ಲಿ ಎಲ್ಲರೂ ಬಾಯಿ ಮುಚ್ಚಬೇಕಿತ್ತು. ಮೂರನೇ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ದ್ಯುತಿಸಂಶ್ಲೇಷಣೆ ಮಿಸ್! ಹೋದ ವಾರ ಬಂದಿದ್ದ ಮಿಸ್ಸೂ ಇದನ್ನೇ ಕೇಳಿದ್ರು. ಅವರ ಚಾರ್ಟಲ್ಲಿ ಎಲೆ ಇನ್ನೂ ದೊಡ್ಡದಿತ್ತು."

ಊರಿನ ಒಂದು ಶಾಲೆಗೆ ಎರಡು ಮೂರು ಕಾಲೇಜಿನ ಪ್ರಶಿಕ್ಷಣಾರ್ಥಿಗಳು ಬಂದರೆ ಹೀಗೇ ಆಗೋದು. ಆ ಮಕ್ಕಳು ಒಂದೇ ಎಲೆಯನ್ನು ನಾಲ್ಕು ಸಲ ನೋಡಿರುತ್ತಾರೆ, ಮುಂದಿನ ಪಾಠವನ್ನು ಒಂದು ಸಲವೂ ನೋಡಿರುವುದಿಲ್ಲ. ನಮ್ಮವಳು ಹತ್ತಿರ ಹೋಗಿ ಮೆಲ್ಲಗೆ "ಗೊತ್ತಿಲ್ಲ ಅನ್ನು ಮರಿ" ಅಂದಳಂತೆ. ಹುಡುಗ ಒಳ್ಳೆಯವನು. ಗಟ್ಟಿಯಾಗಿ "ಗೊತ್ತಿಲ್ಲ ಮಿಸ್" ಅಂದು ಕೂತ. ಪಾಠ ಮುಂದುವರಿಯಿತು. ಉಪನ್ಯಾಸಕರು ಷರಾ ಬರೆದರು: 'ಪೀಠಿಕೆ ಉತ್ತಮವಾಗಿದೆ.'

ವ್ಯಕ್ತಿ ಅಧ್ಯಯನದ್ದು ಬೇರೆ ಕಥೆ. ಪ್ರತಿಯೊಬ್ಬರೂ ಶಾಲೆಯಲ್ಲಿ ಒಂದು 'ಸಮಸ್ಯಾತ್ಮಕ ಮಗು' ಹುಡುಕಿ ಅಧ್ಯಯನ ಮಾಡಬೇಕು. ಬಂದವರು ಹನ್ನೆರಡು ಜನ, ಸಮಸ್ಯೆ ಇರೋ ಮಕ್ಕಳು ಅಷ್ಟಿಲ್ಲ. ಹಾಗಾಗಿ ಹಿಂದಿನ ಬೆಂಚಿನ ಒಬ್ಬ ಸಂಕೋಚದ ಹುಡುಗ ಒಂದು ರೆಕಾರ್ಡಿನಲ್ಲಿ ನಿಧಾನ ಕಲಿಕೆಯವನು, ಇನ್ನೊಂದರಲ್ಲಿ ಏಕಾಗ್ರತೆ ಇಲ್ಲದವನು, ಮತ್ತೊಂದರಲ್ಲಿ ಹಠಮಾರಿ. ಎಲ್ಲ ರೆಕಾರ್ಡಿನ ಕೊನೆಯಲ್ಲೂ ಅವನು ಸುಧಾರಿಸಿದ್ದಾನೆ. ಅವನಿಗೆ ಆಗಿದ್ದು ಇಷ್ಟೇ, ಆಟದ ಪೀರಿಯಡ್ಡು ಹೋಯಿತು.

ಕ್ರಿಯಾ ಸಂಶೋಧನೆ ಅಂದರೆ ತರಗತಿಯ ಒಂದು ಸಮಸ್ಯೆ ಹಿಡಿದು ಪರಿಹರಿಸಿ ತೋರಿಸುವುದು. ಅದರಲ್ಲಿ ಪರಿಹಾರಕ್ಕೆ ಮುಂಚಿನ ಪರೀಕ್ಷೆಯಲ್ಲಿ ಅಂಕ ಕಡಿಮೆ, ಆಮೇಲಿನ ಪರೀಕ್ಷೆಯಲ್ಲಿ ಜಾಸ್ತಿ. ವಿಜ್ಞಾನಿಗಳಿಗೆ ಆಗಾಗ ಪ್ರಯೋಗ ಸೋಲುತ್ತದೆ. ಬಿ.ಎಡ್. ಸಂಶೋಧನೆ ಸೋತದ್ದನ್ನು ಯಾರೂ ಕೇಳಿಲ್ಲ. ಅವಳ ಗೆಳತಿಯೊಬ್ಬಳು 'ಎಂಟನೇ ತರಗತಿಯ ಮಕ್ಕಳ ಕಾಗುಣಿತ ದೋಶ ನಿವಾರಣೆ' ಅಂತ ಆರಿಸಿಕೊಂಡಿದ್ದಳು. ಹೌದು, ರಟ್ಟಿನ ಮೇಲೆ 'ದೋಶ' ಅಂತಲೇ ಇತ್ತು. ಜೆರಾಕ್ಸ್ ಅಂಗಡಿಯ ಮೂಲ ಪ್ರತಿಯಲ್ಲಿ ಹಾಗೇ ಇದ್ದದ್ದರಿಂದ ಅವಳದೇನೂ ತಪ್ಪಿಲ್ಲ. ಆ ಪ್ರತಿಯ ಪಟ್ಟಿಯಲ್ಲಿರುವ ಎಂಟನೇ ತರಗತಿಯ ಮಕ್ಕಳಿಗೆ ಇಷ್ಟು ಹೊತ್ತಿಗೆ ಮದುವೆ ಆಗಿರಬೇಕು.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು 'ತನ್ನನ್ನು ತಾನು ಅರಿಯುವುದು' ಅನ್ನುವ ಪತ್ರಿಕೆ. ನಿಯಮದಲ್ಲೇ ಇದೆ, ತಮಾಷೆ ಅಲ್ಲ. ವಚನಕಾರರು ಜೀವಮಾನವಿಡೀ ಹುಡುಕಿದ ವಸ್ತುವಿಗೆ ಇಲ್ಲಿ ಆಂತರಿಕ ಅಂಕ ಇದೆ. ನಾನು ಯಾರು, ನನ್ನ ಶಕ್ತಿ ಏನು, ದೌರ್ಬಲ್ಯ ಏನು ಅಂತ ಬರೆಯಬೇಕು. ಸಲ್ಲಿಸುವ ಕಡೆಯ ದಿನದ ಹಿಂದಿನ ರಾತ್ರಿ ಒಬ್ಬಳದ್ದನ್ನು ನೋಡಿ ಐದು ಜನ ಬರೆದರು. ಐದು ಜನಕ್ಕೂ ಬಾಲ್ಯದಲ್ಲಿ ಕತ್ತಲೆ ಅಂದರೆ ಭಯ. ಐದು ಜನಕ್ಕೂ ಸ್ಫೂರ್ತಿ ಅಬ್ದುಲ್ ಕಲಾಂ. ಗಡ್ಡ ಬಿಟ್ಟ ಒಬ್ಬ ಹುಡುಗ ಅವಸರದಲ್ಲಿ 'ನಾನು ಮನೆಯ ಹಿರಿಯ ಮಗಳು' ಅಂತ ನಕಲು ಮಾಡಿದ್ದ. ಅವನಿಗೂ ಒಳ್ಳೆಯ ಅಂಕವೇ ಬಂತು.

ಪ್ರಾಯೋಗಿಕ ಪರೀಕ್ಷೆಯ ದಿನ ನಾನ್ ಅಟೆಂಡಿಂಗ್ ಮಂದಿಯ ದರ್ಶನವಾಯಿತಂತೆ. ಎರಡು ವರ್ಷ ಒಂದೇ ಹಾಜರಿ ಪುಸ್ತಕದಲ್ಲಿ ಅಕ್ಕಪಕ್ಕ ಇದ್ದವರು ಅಂದು ಮೊದಲ ಸಲ ಪರಿಚಯ ಮಾಡಿಕೊಂಡರು. ಅವರ ರೆಕಾರ್ಡುಗಳು ಇವಳದ್ದಕ್ಕಿಂತ ಚೆಂದ. ಅಕ್ಷರ ಮುತ್ತು. ಹತ್ತು ಜನರದ್ದೂ ಒಂದೇ ಕೈಬರಹ ಅನ್ನೋದನ್ನು ಬಿಟ್ಟರೆ ಕೊರತೆ ಏನೂ ಇಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುಗಿಸಿ "ಅಚ್ಚುಕಟ್ಟಾಗಿದೆ" ಅಂದರು. ಆಮೇಲೆ ಊಟಕ್ಕೆ ಎದ್ದರು.

ಇದನ್ನೆಲ್ಲ ಕೇಳಿ ನಾನು ಬಹಳ ದಿನ ಗೊಣಗಿದ್ದೆ. ಈಗ ಅನಿಸುತ್ತಿದೆ, ಈ ಪಠ್ಯಕ್ರಮ ಮಾಡಿದವರು ನಾವು ತಿಳಿದದ್ದಕ್ಕಿಂತ ದೂರ ನೋಡಿದ್ದಾರೆ. ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರ ದಿನ ಹೇಗಿರುತ್ತೆ ಹೇಳಿ. ಬೆಳಿಗ್ಗೆ ಹಾಲು ಕುಡಿದವರ ಲೆಕ್ಕ, ಮಧ್ಯಾಹ್ನ ಮೊಟ್ಟೆ ತಿಂದವರ ಲೆಕ್ಕ, ತಿನ್ನದೆ ಬಾಳೆಹಣ್ಣು ತಗೊಂಡವರ ಲೆಕ್ಕ. ರಾಜ್ಯದ ಎಸ್‌ಎಟಿಎಸ್ ಜಾಲತಾಣದಲ್ಲಿ ಮಕ್ಕಳ ವಿವರ, ಕೇಂದ್ರದ ಯುಡೈಸ್ ಜಾಲತಾಣದಲ್ಲಿ ಅದೇ ವಿವರ. ಚುನಾವಣೆ ಬಂದರೆ ಮತಗಟ್ಟೆ. 2025ರ ಸೆಪ್ಟೆಂಬರಿನಲ್ಲಿ ಮನೆಮನೆ ಸಮೀಕ್ಷೆ ಶುರುವಾದಾಗ ಹೆಗಲಿಗೆ ಬ್ಯಾಗ್ ಹಾಕಿಕೊಂಡು ಹೊರಟವರೂ ಇವರೇ. ಕೆಲಸ ಮುಗಿಯಲಿಲ್ಲ ಅಂತ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಇಂಥ ಕೆಲಸಕ್ಕೆ ಬೇಕಾದವರು ಯಾರು? ಏನು ನಡೆಯಿತು ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳದೆ, ಕಾಲಂ ಖಾಲಿ ಬಿಡದೆ ತುಂಬುವವರು. ಎರಡು ವರ್ಷ ಅದರದ್ದೇ ತರಬೇತಿ ಕೊಟ್ಟಿದ್ದಾರಲ್ಲ! ಇನ್ನೆರಡು ಕೌಶಲ ಸೇರಿಸಿದರೆ ಪರಿಪೂರ್ಣ: ಮೊಟ್ಟೆ ಸುಲಿಯುವ ಕೌಶಲ, ಸರ್ವರ್ ಡೌನ್ ಆದಾಗ ಕಾಯುವ ಕೌಶಲ.

ಪದವಿ ಬಂತು. ಬಂದ ಮೇಲೆ ಅರ್ಹತೆ ಬಂತಾ? ಇಲ್ಲ. ಅದಕ್ಕೆ ಟಿಇಟಿ ಅನ್ನುವ ಶಿಕ್ಷಕರ ಅರ್ಹತಾ ಪರೀಕ್ಷೆ ಬೇರೆ. ಟಿಇಟಿ ಪಾಸಾದರೆ ಕೆಲಸವಾ? ಅದೂ ಇಲ್ಲ, ನೇಮಕಾತಿ ಪರೀಕ್ಷೆ ಬೇರೆ. ಎರಡು ವರ್ಷದ ಪದವಿ ಕೊಟ್ಟವರಿಗೇ ಅದರ ಮೇಲೆ ನಂಬಿಕೆ ಇಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ 15,000 ಪದವೀಧರ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆಸಿದಾಗ ಅಷ್ಟೂ ಹುದ್ದೆ ತುಂಬಲಿಲ್ಲ. ಶೇ 90 ಹಾಜರಾತಿಯವರು ಊರ ತುಂಬ ಇದ್ದಾರೆ ಅನ್ನೋದನ್ನು ನೆನಪಿಡಿ. ಚಿಕ್ಕ ಮಕ್ಕಳಿಗಾದರೂ ಪಾಠ ಮಾಡೋಣ ಅಂದರೆ ಅಲ್ಲೂ ಹಗ್ಗಜಗ್ಗಾಟ. ಬಿ.ಎಡ್. ಆದವರು ಆರು ತಿಂಗಳ ಬ್ರಿಜ್ ಕೋರ್ಸ್ ಮಾಡುವ ಷರತ್ತಿನ ಮೇಲೆ ಒಂದರಿಂದ ಐದನೇ ತರಗತಿಗೂ ಕಲಿಸಬಹುದು ಅಂತ ಎನ್‌ಸಿಟಿಇ 2018ರಲ್ಲಿ ಹೇಳಿತು. ಆಗಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿತು. ಸದ್ಯಕ್ಕೆ ನಮ್ಮವಳು ಅತಿಥಿ ಶಿಕ್ಷಕಿ. ಅತಿಥಿಗೆ ಸಂಬಳ ಕೇಳುವುದು ಮರ್ಯಾದೆ ಅಲ್ಲ ಅಂತ ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ.

ಈ ನಡುವೆ ಇನ್ನೊಂದು ಸುದ್ದಿ. 2025ರ ಫೆಬ್ರವರಿಯಲ್ಲಿ ಎನ್‌ಸಿಟಿಇ ಹೊಸ ಕರಡು ನಿಯಮ ಹೊರಡಿಸಿತು. ಒಂದು ವರ್ಷದ ಬಿ.ಎಡ್. ಮತ್ತೆ ಬರಲಿದೆ ಅಂತ ಅದರಲ್ಲಿತ್ತು. ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಆದವರಿಗೆ. ನಮ್ಮ ರಾಜ್ಯ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ತಂದು, 2024ರಲ್ಲಿ ಬೇಡ ಅಂತ ಮೂರು ವರ್ಷಕ್ಕೆ ವಾಪಸ್ ಹೋಗಿದೆ. ಅಂದರೆ ಅವರು ಬಾಗಿಲು ತೆರೆಯುವ ಹೊತ್ತಿಗೆ ನಾವು ಮೆಟ್ಟಿಲು ತೆಗೆದಿದ್ದೇವೆ.

ಪೇಪರ್ ಓದಿ ಹುಡುಗಿ ನನಗೆ ಫೋನ್ ಮಾಡಿದ್ದಳು. "ಮಾಮ, ಎರಡು ವರ್ಷ ಮಾಡಿದವರಿಗೆ ಒಂದು ವರ್ಷದ ಫೀಸು ವಾಪಸ್ ಕೊಡ್ತಾರಾ?"

ಅರ್ಜಿ ಹಾಕು ಅಂದೆ. ಮೂರು ಪ್ರತಿ, ಬ್ರೌನ್ ಶೀಟಿನ ರಟ್ಟು, ಜೊತೆಗೆ ಹಾಜರಾತಿ ಪತ್ರ. ನಾನ್ ಅಟೆಂಡಿಂಗ್‌ನವರ ಅರ್ಜಿ ಆಗಲೇ ಹೋಗಿದೆಯಂತೆ.