ಬೆಕ್ಕಿಗೆ ಲಂಘನ ಔಷಧಿಯಲ್ಲ

"ಲಂಘನಂ ಪರಮೌಷಧಂ. ಎರಡು ದಿನ ಸುಮ್ನೆ ಬಿಡು, ಹಸಿವಾದ್ರೆ ತಾನೇ ತಿನ್ನುತ್ತೆ."

ನಮ್ಮ ಕೆಂಚ ಊಟ ಬಿಟ್ಟಾಗ ಮನೆಯ ಹಿರಿಯರು ಹೇಳಿದ್ದು ಇಷ್ಟೇ. ನಾನೂ ನಂಬಿದೆ. ದೀಪಾವಳಿಯ ಪಟಾಕಿಗೆ ಹೆದರಿ ಮಂಚದ ಕೆಳಗೆ ಸೇರಿಕೊಂಡಿತ್ತು. ಹೆದರಿಕೆ ಇಳಿದರೆ ತಟ್ಟೆಗೆ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಐದನೇ ದಿನ ಬೆಳಗ್ಗೆ ಎತ್ತಿಕೊಂಡು ನೋಡಿದರೆ, ಕಿವಿಯ ಒಳಗೆಲ್ಲ ಅರಿಶಿನ ಸವರಿದ ಹಾಗೆ ಹಳದಿ. ಎದೆ ಝಲ್ಲೆಂದಿತು.

ಬೆಕ್ಕಿನ ಮೈ ನಮ್ಮ ಹಾಗಲ್ಲ ಅಂತ ನನಗೆ ಗೊತ್ತಾಗಿದ್ದೇ ಆವತ್ತು. ಊಟ ನಿಂತರೆ ಮೈಯಲ್ಲಿರುವ ಕೊಬ್ಬು ಕರಗಿ ಲಿವರ್‌ಗೆ ಬರುತ್ತದೆ. ಅಷ್ಟು ಕೊಬ್ಬನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗಿಲ್ಲ. ಅಲ್ಲೇ ತುಂಬಿಕೊಳ್ಳುತ್ತದೆ, ಲಿವರ್ ಕೆಡುತ್ತದೆ, ಕಾಮಾಲೆ ಶುರುವಾಗುತ್ತದೆ. ಇದಕ್ಕೆ ಕೆಲವೇ ದಿನ ಸಾಕು. ದಪ್ಪ ಬೆಕ್ಕುಗಳಿಗೇ ಅಪಾಯ ಜಾಸ್ತಿ. "ಮೈ ತುಂಬಿಕೊಂಡಿದೆ, ನಾಲ್ಕು ದಿನ ತಡೆಯುತ್ತೆ" ಅನ್ನುವ ನಮ್ಮ ಲೆಕ್ಕ ಪೂರ್ತಿ ಉಲ್ಟಾ. ಕೆಂಚ ಆರು ಕೆಜಿ ಇತ್ತು. ಕತ್ತಿನ ಪಕ್ಕದಿಂದ ಟ್ಯೂಬ್ ಹಾಕಿಸಿ, ಐದು ವಾರ ಸಿರಿಂಜಿನಲ್ಲಿ ಊಟ ಕೊಟ್ಟೆ. ಉಳಿಯಿತು. ಆದರೆ ಅದು ಪಟ್ಟ ಪಾಡು ನನ್ನ ತಪ್ಪಿನಿಂದ ಆದದ್ದು. ಆ ನೋವು ಹೋಗಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ದೊಡ್ಡ ಬೆಕ್ಕು 24 ಗಂಟೆ ಏನೂ ತಿನ್ನದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಮರಿಯಾದರೆ ಅರ್ಧ ದಿನವೂ ಕಾಯಬೇಡಿ. ಊಟ ಬಿಟ್ಟಿರುವುದರ ಜೊತೆಗೆ ವಾಂತಿ, ಏದುಸಿರು, ತೀರಾ ಸುಸ್ತು ಇದ್ದರೆ ಗಡಿಯಾರ ನೋಡಲೇಬೇಡಿ. ಗಂಡು ಬೆಕ್ಕು ಪದೇಪದೇ ಕುಳಿತು ಮುಕ್ಕರಿದರೂ ಉಚ್ಚೆ ಬರುತ್ತಿಲ್ಲವೆಂದರೆ, ಅದು ರಾತ್ರಿಯಾದರೂ ಸರಿ, ಆಗಲೇ ಹೊರಡಬೇಕಾದ ವಿಷಯ. ಒಂದೆರಡು ದಿನದಲ್ಲೇ ಜೀವ ಹೋಗಬಹುದು.

ನಮ್ಮ ಮನೆಗಳಲ್ಲಿ ಹೂವು ಕಟ್ಟುವ ದಾರ ಎಲ್ಲೆಂದರಲ್ಲಿ ಬಿದ್ದಿರುತ್ತದೆ ಅಲ್ವಾ? ಬೆಕ್ಕು ಆಡುತ್ತಾ ನುಂಗಿಬಿಡುತ್ತದೆ. ಬಾಯಿಂದಲೋ ಹಿಂದಿನಿಂದಲೋ ತುದಿ ಕಂಡರೆ ದಯವಿಟ್ಟು ಎಳೆಯಬೇಡಿ, ಒಳಗೆ ಕರುಳು ಕುಯ್ಯುತ್ತದೆ. ಜ್ವರ ಇರಬಹುದೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ.

ಬರೀ ನೆಗಡಿಯಾಗಿ ಮೂಗು ಕಟ್ಟಿದ್ದರೂ ಬೆಕ್ಕು ತಿನ್ನುವುದಿಲ್ಲ, ವಾಸನೆ ಸಿಗದಿದ್ದರೆ ಅದಕ್ಕೆ ಊಟವೇ ಬೇಡ. ಮೀನನ್ನು ಸ್ವಲ್ಪ ಬೆಚ್ಚಗೆ ಮಾಡಿ ಕೊಟ್ಟು ನೋಡಿ. ಆದರೆ ಆ 24 ಗಂಟೆಯ ಒಳಗೆ ಮಾತ್ರ. ಡಾಕ್ಟರ್ ಮೊದಲು ಕೇಳುವುದು "ಕೊನೆಗೆ ತಿಂದದ್ದು ಯಾವಾಗ?" ಅಂತ. ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಕೆಂಚನ ಊಟವನ್ನೂ ಬರೆದಿಡುತ್ತೇನೆ.