ನಮ್ಮ ಕೆಂಚನ ಮೂಗಿನ ಕಪ್ಪು ಚುಕ್ಕಿ

ನಮ್ಮ ಕೆಂಚನಿಗೆ ಈಗ ಮೂರು ವರ್ಷ. ಕಿತ್ತಳೆ ಬಣ್ಣದ ಬೆಕ್ಕು, ಗುಲಾಬಿ ಮೂಗು. ಕಳೆದ ಮಳೆಗಾಲದಲ್ಲಿ ಅವನ ಮೂಗಿನ ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಕಂಡಿತು. ಚಳಿಗೆ ಅವನು ಮಲಗುವುದೇ ಬಚ್ಚಲ ಒಲೆಯ ಪಕ್ಕ. ಮಸಿ ಇರಬೇಕು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ತಿಂಗಳೊಳಗೆ ತುಟಿಯ ಅಂಚಿನಲ್ಲಿ ಇನ್ನೆರಡು ಬಂದವು. ನನಗೆ ಕ್ಯಾನ್ಸರ್ ಭಯ. ಅಮ್ಮ ಅರಶಿನವನ್ನು ತೆಂಗಿನೆಣ್ಣೆಯಲ್ಲಿ ಕಲಸಿ ತಂದರು.

ಹಚ್ಚಲಿಲ್ಲ. ಬುಟ್ಟಿಯಲ್ಲಿ ಹಾಕಿಕೊಂಡು ಉಡುಪಿಯ ಕುಂಜಿಬೆಟ್ಟಿನಿಂದ ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆ. ಅವರು ಬೆರಳಲ್ಲಿ ಸವರಿ ನೋಡಿ, "ನಮಗೆ ಮಚ್ಚೆ ಇಲ್ವಾ, ಹಾಗೇ ಇದು" ಎಂದರು. ಹೆಸರು ಲೆಂಟಿಗೊ. ಕಿತ್ತಳೆ ಬಣ್ಣದ ಬೆಕ್ಕುಗಳಲ್ಲಿ ಜಾಸ್ತಿ. ಮೂಗು, ತುಟಿ, ವಸಡು, ಕಣ್ಣಿನ ರೆಪ್ಪೆಯ ಅಂಚಿನಲ್ಲಿ ಬರುತ್ತದೆ. ವಯಸ್ಸಾದ ಹಾಗೆ ಚುಕ್ಕಿಗಳು ಹೆಚ್ಚಬಹುದು. ನೋವಿಲ್ಲ, ತುರಿಕೆ ಇಲ್ಲ, ಔಷಧಿಯೂ ಬೇಡ. ಚರ್ಮಕ್ಕೆ ಸಮನಾಗಿ ಇರಬೇಕು, ಅಷ್ಟೇ. ಉಬ್ಬಿದರೆ, ಬೇಗ ಬೇಗ ದೊಡ್ಡದಾದರೆ, ಒಡೆದು ರಕ್ತ ಬಂದರೆ ಆಗ ತೋರಿಸಬೇಕು.

ಇದನ್ನು ಬರೆಯಲು ಕಾರಣ ಕೆಂಚ ಅಲ್ಲ, ಪಕ್ಕದ ಮನೆ ಅಕ್ಕನ ಬಿಳಿ ಬೆಕ್ಕು. ಅದರ ಮೂಗಿನ ಮೇಲೆ ಸಣ್ಣದೊಂದು ಕೆಂಪು ಹಕ್ಕಳೆ ಇತ್ತು. "ಎಲ್ಲೋ ಕಚ್ಚಾಡಿ ಬಂದಿದೆ ಮಾರಾಯ್ತಿ, ಗುಣ ಆಗ್ತದೆ" ಅಂತಿದ್ದರು ಅಕ್ಕ. ಒಣಗುವುದು, ಉದುರುವುದು, ಮತ್ತೆ ಕೆಂಪಾಗುವುದು. ನಾನೂ ದಿನಾ ನೋಡುತ್ತಿದ್ದೆ, ಏನೂ ಹೇಳಲಿಲ್ಲ. ನಾಲ್ಕು ತಿಂಗಳ ನಂತರ ಆಸ್ಪತ್ರೆಗೆ ಹೋದಾಗ ಮೂಗಿನ ಒಂದು ಬದಿ ತಿಂದುಹೋಗಿತ್ತು. ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಚರ್ಮದ ಕ್ಯಾನ್ಸರ್. ಬಿಳಿ ಬೆಕ್ಕಿನ ಮೂಗು, ಕಿವಿತುದಿ, ರೆಪ್ಪೆಯಲ್ಲಿ ಬಿಸಿಲನ್ನು ತಡೆಯುವ ಕಪ್ಪು ಬಣ್ಣವೇ ಇಲ್ಲ. ವರ್ಷಗಟ್ಟಲೆ ಬಿಸಿಲು ಬಿದ್ದು ಬಿದ್ದು ಇದು ಬರುತ್ತದೆ. ಬೇಗ ಸಿಕ್ಕಿದರೆ ಆಪರೇಷನ್ ಮಾಡಿ ಉಳಿಸಬಹುದು. ಅದು ಉಳಿಯಲಿಲ್ಲ.

ಕಪ್ಪು ಕಂಡರೆ ಓಡುತ್ತೇವೆ, ಕೆಂಪು ಕಂಡರೆ ಸುಮ್ನೆ ಇರುತ್ತೇವೆ. ನನಗೆ ಈಗಲೂ ಸಂಕಟ ಆಗುವುದು ಇದಕ್ಕೇ.

ಎಲ್ಲ ಕೆಂಪೂ ಕ್ಯಾನ್ಸರ್ ಅಲ್ಲ, ನಿಜ. ನಮ್ಮೂರಿನ ಸೊಳ್ಳೆ ಕಚ್ಚಿದರೂ ಕೆಲವು ಬೆಕ್ಕುಗಳಿಗೆ ಅಲರ್ಜಿಯಾಗಿ ಮೂಗಿನ ಮೇಲೆ, ಕಿವಿಯ ಮೇಲೆ ಗುಳ್ಳೆ, ಹಕ್ಕಳೆ ಏಳುತ್ತದೆ. ಫಂಗಸ್ ಗಾಯವೂ ಇರಬಹುದು. ಕೆಲವು ಫಂಗಸ್ ನಮಗೂ ಅಂಟುತ್ತದೆ, ಹಾಗಾಗಿ ಬರಿಗೈಯಲ್ಲಿ ಮುಟ್ಟಬೇಡಿ. ಯಾವುದು ಅಂತ ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ. ಎರಡು ವಾರದಲ್ಲಿ ಮಾಯದ ಗಾಯವನ್ನು ದಯವಿಟ್ಟು ತೋರಿಸಿ. ಅಲ್ಲಿವರೆಗೆ ಮನೆಯಲ್ಲಿದ್ದ ಮುಲಾಮು ಹಚ್ಚಬೇಡಿ. ಮೂಗಿಗೆ ಹಚ್ಚಿದ್ದನ್ನೆಲ್ಲ ಬೆಕ್ಕು ನೆಕ್ಕುತ್ತದೆ. ನಾವು ಹಾಕಿಕೊಳ್ಳುವ ಸನ್‌ಸ್ಕ್ರೀನ್‌ನಲ್ಲಿರುವ ಜಿಂಕ್ ಅದಕ್ಕೆ ವಿಷ. ನೋವಿಗೆ ಅಂತ ಪ್ಯಾರಾಸಿಟಮಾಲ್ ಕೊಟ್ಟರಂತೂ ಜೀವವೇ ಹೋಗಬಹುದು.

ಕೆಂಚನ ಮೂಗಿನ ಫೋಟೋವನ್ನು ತಿಂಗಳಿಗೊಮ್ಮೆ ತೆಗೆದಿಡುತ್ತೇನೆ. ಚುಕ್ಕಿ ಈಗ ಐದಾಗಿವೆ, ಎಲ್ಲವೂ ಸಮ.

ಅಕ್ಕನ ಮನೆಗೆ ಮೊನ್ನೆ ಇನ್ನೊಂದು ಬಿಳಿ ಮರಿ ಬಂದಿದೆ. ಬೆಳಗ್ಗೆ 10 ಗಂಟೆಗೆ ಒಳಗೆ ಕರೆದು ಬಾಗಿಲು ಹಾಕಿದರೆ ಸಂಜೆ 4ರವರೆಗೆ ಅಂಗಳಕ್ಕೆ ಬಿಡುವುದಿಲ್ಲ ಅವರು.